ವರ್ಕ್‌ಶಾಪ್‌ನಲ್ಲಿ ಏನು ಮಾರುತ್ತಾರೆ?

ಹೋದ ತಿಂಗಳು ಧಾರವಾಡದಲ್ಲಿ ಇಂಗ್ಲಿಷ್ ಶಿಕ್ಷಕರಿಗೆ ಮೂರು ದಿನದ ವರ್ಕ್‌ಶಾಪ್ ಇತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಹುಬ್ಬಳ್ಳಿಯಿಂದ ಅಪ್ಪನ ಫೋನ್ ಬಂತು. "ಎಲ್ಲಿದ್ದೀಪಾ?" ಎಂದರು. "ವರ್ಕ್‌ಶಾಪ್‌ನ್ಯಾಗ ಇದ್ದೇನಪ್ಪಾ" ಎಂದೆ. ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ಒಳಗ ಹೆಂಗ ಬಿಟ್ರು ನಿನ್ನ? ಗೇಟಿನ್ಯಾಗ ಪಾಸ್ ಕೇಳಲಿಲ್ಲೇನು?" ಎಂದರು.

ಅಪ್ಪ ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು. ಅವರಿಗೆ ವರ್ಕ್‌ಶಾಪ್ ಅಂದರೆ ಗದಗ ರಸ್ತೆಯಲ್ಲಿರುವುದು ಒಂದೇ. ಹಳೇ ಹುಬ್ಬಳ್ಳಿ ಮಂದಿಗೂ ಹಾಗೆಯೇ. ಆಟೋ ಹತ್ತಿ "ವರ್ಕ್‌ಶಾಪ್ ಗೇಟಿಗೆ ಬಿಡ್ರಿ" ಅಂದರೆ ಯಾವ ವರ್ಕ್‌ಶಾಪ್ ಅಂತ ಯಾರೂ ಕೇಳುವುದಿಲ್ಲ. ಅದೇ ನನ್ನ ತಮ್ಮನನ್ನು ಕೇಳಿ, ಅವನ ಬೈಕ್ ಆಗಾಗ ಹೋಗಿ ನಿಲ್ಲುವ, ನೆಲಕ್ಕೆಲ್ಲ ಆಯಿಲ್ ಹತ್ತಿದ ಜಾಗ ವರ್ಕ್‌ಶಾಪ್. ನನಗಾದರೆ ಅದು ಕುರ್ಚಿ ಗುಂಡಗೆ ಹಾಕಿ, ಚಾರ್ಟ್ ಅಂಟಿಸಿ, ಗುಂಪು ಮಾಡಿ ಕೂರಿಸುವ ತರಬೇತಿ. ಒಂದೇ ಮನೆಯಲ್ಲಿ ಮೂವರು, ಪದ ಒಂದು, ಅರ್ಥ ಮೂರು.

ಮರುವಾರ ಒಂಬತ್ತನೇ ಕ್ಲಾಸಿನಲ್ಲಿ ಇದನ್ನೇ ಪಾಠ ಮಾಡಿದೆ. ಬೋರ್ಡಿನ ಮೇಲೆ ವರ್ಕ್‌ಶಾಪ್ ಅಂತ ಬರೆದು, ಕನ್ನಡದಲ್ಲಿ ಹೇಳಿ ಎಂದೆ. ವರ್ಕ್ ಅಂದರೆ ಕೆಲಸ, ಶಾಪ್ ಅಂದರೆ ಅಂಗಡಿ, ಎರಡೂ ಗೊತ್ತು. "ಕೆಲಸದ ಅಂಗಡಿ ಸರ್" ಎಂದರು. ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು: "ಹಂಗಾರ ಅಲ್ಲಿ ಏನ್ ಮಾರ್ತಾರ್ರಿ ಸರ್?"

ಒಳ್ಳೆ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಸಾವಿರ ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಮೊದಲು ಇಂಥ ಜೋಡಿಪದಗಳ ಸ್ವಭಾವ ನೋಡೋಣ. ಇಂಗ್ಲಿಷಿನಲ್ಲಿ ಎರಡು ನಾಮಪದ ಸೇರಿಸಿದಾಗ ಸಾಮಾನ್ಯವಾಗಿ ಕೊನೆಯ ಪದವೇ ಯಜಮಾನ. ಹೌಸ್‌ಬೋಟ್ ಒಂದು ಬಗೆಯ ದೋಣಿ. ಬೋಟ್‌ಹೌಸ್ ಒಂದು ಬಗೆಯ ಮನೆ, ಅದರೊಳಗೆ ದೋಣಿ ಇಡುತ್ತಾರೆ. ಪದ ಅದಲುಬದಲಾದರೆ ವಸ್ತುವೇ ಬದಲಾಯಿತು. ಇದು ನಮಗೆ ಹೊಸದೇನಲ್ಲ. ಶಾಲೆಯಲ್ಲಿ ತತ್ಪುರುಷ ಸಮಾಸ ಕಲಿಯುವಾಗ "ಉತ್ತರಪದ ಪ್ರಧಾನ" ಅಂತ ಬಾಯಿಪಾಠ ಮಾಡಿದ್ದೇವಲ್ಲ, ಅದೇ ಇದು.

ಆದರೆ ಎರಡು ಪದಗಳ ನಡುವಿನ ಸಂಬಂಧ ಏನು ಎಂಬುದನ್ನು ಜೋಡಿಪದ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಅಡುಗೆಮನೆಯಲ್ಲೇ ನೋಡಿ. ಬಿದಿರುಬುಟ್ಟಿ ಅಂದರೆ ಬಿದಿರಿನಿಂದ ಹೆಣೆದ ಬುಟ್ಟಿ. ರೊಟ್ಟಿಬುಟ್ಟಿ? ರೊಟ್ಟಿಯಿಂದ ಹೆಣೆದ ಬುಟ್ಟಿ ಅಂತ ಯಾರೂ ತಿಳಿಯುವುದಿಲ್ಲ. ಅದು ರೊಟ್ಟಿ ಇಡುವ ಬುಟ್ಟಿ. ಹಾಗಂತ ಪದದಲ್ಲಿ ಎಲ್ಲೂ ಬರೆದಿಲ್ಲ. ಬುಟ್ಟಿಯನ್ನು, ರೊಟ್ಟಿಯನ್ನು, ಮನೆಯನ್ನು ಕಂಡವರಿಗೆ ಮಾತ್ರ ಗೊತ್ತು. ಪದ ಬಿಡಿಸಿದರೆ ಬಾಗಿಲು ಸಿಗುತ್ತದೆ, ಒಳಗೆ ಏನಿದೆ ಅಂತ ತಿಳಿಯಲು ಆ ಮಂದಿಯ ಬದುಕನ್ನೇ ನೋಡಬೇಕು. ನನ್ನ ವಿದ್ಯಾರ್ಥಿಗಳು ಪದವನ್ನು ಸರಿಯಾಗಿಯೇ ಬಿಡಿಸಿದ್ದರು. ಆ ಪದದ ಹಿಂದಿನ ಬದುಕು ಅವರಿಗೆ ಕಂಡಿರಲಿಲ್ಲ, ಅಷ್ಟೇ.

ವರ್ಕ್ ಎಂಬ ತುಂಡು ಹೆಚ್ಚು ತೊಂದರೆ ಕೊಡುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು 'ವೆಯೊರ್ಕ್' ಎಂಬಂತೆ ಇತ್ತು. ಗ್ರೀಕಿನ 'ಎರ್ಗಾನ್' ಅದರ ದಾಯಾದಿ. ಎನರ್ಜಿ ಎಂಬ ಪದ ಬಂದದ್ದು ಅಲ್ಲಿಂದ. ಸರ್ಜರಿ ಕೂಡ ಅಲ್ಲಿಂದಲೇ. ಗ್ರೀಕಿನಲ್ಲಿ ಕೈ ಎಂಬ ಪದಕ್ಕೆ ಕೆಲಸ ಎಂಬ ಪದ ಸೇರಿ ಆದದ್ದು, ಅಂದರೆ 'ಕೈಗೆಲಸ'. ಆಪರೇಷನ್ ಥಿಯೇಟರಿನೊಳಗೆ ನಡೆಯುವುದೂ ಕೈಗೆಲಸವೇ ಅಂತ ಆ ಪದ ಇಂದಿಗೂ ಹೇಳುತ್ತಿದೆ.

ಇದೇ ಬೇರಿನಿಂದ ಇನ್ನೊಂದು ಚಿಗುರು ಒಡೆಯಿತು. ಅದು 'ರೈಟ್', ಅಂದರೆ ಮಾಡುವವನು. ಗಾಲಿ ಮಾಡುವವನು ವೀಲ್‌ರೈಟ್, ಬಂಡಿ ಮಾಡುವವನು ಕಾರ್ಟ್‌ರೈಟ್. ನಾಟಕಕಾರನಿಗೆ ಪ್ಲೇರೈಟ್ ಎನ್ನುತ್ತಾರೆ. ಬರೆಯುವುದಕ್ಕೂ ಈ ರೈಟ್‌ಗೂ ಸಂಬಂಧವಿಲ್ಲ, ಕಾಗುಣಿತವೂ ಬೇರೆ. ಬಡಿಗೇರರು ಬಂಡಿ ಕಟ್ಟಿದ ಹಾಗೆ ನಾಟಕ ಕಟ್ಟುವವನು ಎಂದರ್ಥ. ಧಾರವಾಡದಂಥ ಊರಿನಲ್ಲಿ ಇದನ್ನು ಜಾಸ್ತಿ ವಿವರಿಸಬೇಕಿಲ್ಲ, ನಾಟಕ 'ಕಟ್ಟುವುದು' ಅಂತ ನಾವೂ ಅನ್ನುತ್ತೇವೆ.

ಕಥೆ ಇರುವುದು ಶಾಪ್ ಎಂಬ ತುಂಡಿನಲ್ಲಿ.

ಇಂಗ್ಲಿಷಿನಲ್ಲಿ ಶಾಪ್ ಮೊದಲು ಅಂಗಡಿ ಆಗಿರಲಿಲ್ಲ. ಸುಮಾರು 1300ರ ಹೊತ್ತಿಗೆ ಅದರ ಅರ್ಥ ಒಂದು ಚಪ್ಪರ, ಒಂದು ಶೆಡ್. ಅಲ್ಲಿ ಕೂತು ಕೆಲಸವನ್ನೂ ಮಾಡಬಹುದು, ವ್ಯಾಪಾರವನ್ನೂ ಮಾಡಬಹುದು. ಅದಕ್ಕೂ ಹಿಂದೆ ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲ ಎನ್ನಲಾದ ಅಪರೂಪದ ಪದವೊಂದು ಸಿಗುತ್ತದೆ. ದನದ ಕೊಟ್ಟಿಗೆಗೆ ಹೇಳುತ್ತಿದ್ದ ಇನ್ನೊಂದು ಪದ ಅದಕ್ಕೆ ಹತ್ತಿರದ ನೆಂಟ ಎನ್ನುತ್ತಾರೆ ಪದಮೂಲ ಹುಡುಕಿದವರು. ಜರ್ಮನ್ ಭಾಷೆಯಲ್ಲಿ ಇಂದಿಗೂ 'ಶುಪ್ಪೆನ್' ಅಂದರೆ ಶೆಡ್. ಮೇಲೊಂದು ಮಾಡು, ಕೆಳಗೆ ಜಾಗ. ದನ ಕಟ್ಟಿದರೆ ಕೊಟ್ಟಿಗೆ, ಕುಲುಮೆ ಹಾಕಿದರೆ ಕಮ್ಮಾರನ ಶಾಪ್.

ಹಾಗಾದರೆ ಇದಕ್ಕೆ ಅಂಗಡಿ ಎಂಬ ಅರ್ಥ ಹೇಗೆ ಬಂತು? ಇದನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಒಬ್ಬ ಪತ್ತಾರರ ಅಂಗಡಿಯಲ್ಲಿ ಅರ್ಧ ಗಂಟೆ ಕೂತರೆ ಬೇಗ ತಿಳಿಯುತ್ತದೆ. ಅಕ್ಕಸಾಲಿಗರಿಗೆ ನಮ್ಮ ಕಡೆ ಪತ್ತಾರ ಎನ್ನುವುದೇ ರೂಢಿ. ನಮ್ಮ ಓಣಿಯ ತುದಿಯಲ್ಲೊಬ್ಬರಿದ್ದಾರೆ. ಎಂಟಡಿ ಅಗಲದ ಜಾಗ. ಮುಂದೆ ಗಾಜಿನ ಪೆಟ್ಟಿಗೆ, ಅದರಲ್ಲಿ ಕಾಲುಂಗುರ, ಮೂಗುಬೊಟ್ಟು. ಪೆಟ್ಟಿಗೆ ಹಿಂದೆಯೇ ಗೋಣಿತಟ್ಟು ಹಾಸಿ ಅವರು ಕೂತಿರುತ್ತಾರೆ. ಎದುರಿಗೆ ಅಗ್ಗಿಷ್ಟಿಕೆ, ಕೈಗೆಟುಕುವ ಹಾಗೆ ಚಿಮಟ, ಊದುಗೊಳವೆ, ಸಣ್ಣ ಸುತ್ತಿಗೆ. ಮೊನ್ನೆ ಅವ್ವನ ಕಾಲುಂಗುರ ಸಡಿಲಾಗಿದೆ ಅಂತ ಒಯ್ದಿದ್ದೆ. ಒಬ್ಬ ಹೆಣ್ಣುಮಗಳಿಗೆ ಮೂಗುಬೊಟ್ಟಿನ ಬೆಲೆ ಹೇಳುತ್ತಲೇ ಊದುಗೊಳವೆ ಬಾಯಿಗಿಟ್ಟು ಉರಿಯನ್ನು ಕಾಲುಂಗುರದ ಮೇಲೆ ಬಾಗಿಸಿದರು. ಬೆಳ್ಳಿ ಕೆಂಪಗಾಯಿತು. ಮಾರುವುದು, ಮಾಡುವುದು ಎರಡಕ್ಕೂ ನಡುವೆ ಒಂದು ಮೊಳ ಅಂತರ.

ಹಳೆಯ ಯುರೋಪಿನ ಊರುಗಳಲ್ಲೂ ಕುಶಲಕರ್ಮಿಗಳ ಬದುಕು ಹೀಗೇ ಇತ್ತು. ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ಕೂತು ಮಾಡುತ್ತಿದ್ದರು, ಅಲ್ಲೇ ಮಾರುತ್ತಿದ್ದರು. ಆಗ ಶಾಪ್ ಎಂಬ ಒಂದೇ ಪದ ಸಾಕಿತ್ತು. 14ನೇ ಶತಮಾನದ ಹೊತ್ತಿಗೆ ಅದಕ್ಕೆ ಮಾರುವ ಜಾಗ ಎಂಬ ಅರ್ಥ ಗಟ್ಟಿಯಾಗುತ್ತ ಬಂತು. ಬೇರೆಯವರು ಮಾಡಿದ್ದನ್ನು ತಂದು ಮಾರುವವರು ಹೆಚ್ಚಿದರು. ಮಾಡುವ ಶಾಪ್ ಬೇರೆ, ಮಾರುವ ಶಾಪ್ ಬೇರೆ ಆಯಿತು. ಬರೀ ಶಾಪ್ ಅಂದರೆ ಮಾರುವುದು ಎಂದಾದ ಮೇಲೆ, ಮಾಡುವ ಜಾಗಕ್ಕೆ ಗುರುತು ಬೇಕಲ್ಲ? ಮುಂದೊಂದು ವರ್ಕ್ ಸೇರಿತು. ವರ್ಕ್‌ಶಾಪ್ ಬರವಣಿಗೆಯಲ್ಲಿ ಕಾಣಿಸಿಕೊಳ್ಳುವುದು 16ನೇ ಶತಮಾನದ ಉತ್ತರಾರ್ಧದಲ್ಲಿ. ನಾನು ಇದನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಶಾಪ್ ಕಳೆದುಕೊಂಡ ಹಳೆಯ ಅರ್ಥವನ್ನು ಮತ್ತೆ ತಂದುಕೊಡಲು ವರ್ಕ್ ಬಂತು.

ಅಮೆರಿಕದವರ ಬಾಯಲ್ಲಿ ಆ ಹಳೆಯ ಅರ್ಥ ಪೂರ್ತಿ ಹೋಗಲೇ ಇಲ್ಲ. ರೈಟ್ ಸಹೋದರರು ಒಹಾಯೊ ರಾಜ್ಯದ ಡೇಟನ್ ಊರಿನಲ್ಲಿ ಸೈಕಲ್ ಶಾಪ್ ಇಟ್ಟಿದ್ದರು. ಅಲ್ಲಿ ಸೈಕಲ್ ಮಾರುತ್ತಿದ್ದರು, ರಿಪೇರಿ ಮಾಡುತ್ತಿದ್ದರು, ತಾವೇ ತಯಾರಿಸುತ್ತಲೂ ಇದ್ದರು. 1903ರಲ್ಲಿ ಹಾರಿದ ವಿಮಾನದ ಭಾಗಗಳು ತಯಾರಾದದ್ದೂ ಅದೇ ಶಾಪ್‌ನಲ್ಲಿ. ಅವರ ಮನೆತನದ ಹೆಸರು ಕೂಡ ಮೇಲೆ ಹೇಳಿದ ರೈಟ್, 'ಮಾಡುವವನು' ಎಂಬ ಪದವೇ.

ಇಲ್ಲಿ ಇನ್ನೊಂದು ಪದದ ಕಥೆ ಹೇಳಲೇಬೇಕು, ಅದು ವರ್ಕ್‌ಹೌಸ್. ಮೇಲ್ನೋಟಕ್ಕೆ ವರ್ಕ್‌ಶಾಪ್‌ಗೆ ಇದು ಅವಳಿ. ನಿಜವಾಗಿ ಇದು ಅಣ್ಣ. ಹಳೆಯ ಇಂಗ್ಲಿಷಿನಲ್ಲೇ ಕೆಲಸದ ಜಾಗಕ್ಕೆ ಈ ಪದ ಇತ್ತು. 1776ರಲ್ಲಿ ಆಡಂ ಸ್ಮಿತ್ ರಾಷ್ಟ್ರಗಳ ಸಂಪತ್ತಿನ ಬಗ್ಗೆ ಬರೆದ ಪ್ರಸಿದ್ಧ ಪುಸ್ತಕದ ಮೊದಲ ಅಧ್ಯಾಯದಲ್ಲಿ ಗುಂಡುಸೂಜಿ ಮಾಡುವವರ ಉದಾಹರಣೆ ಬರುತ್ತದೆ. ಹತ್ತು ಜನ ಕೆಲಸ ಹಂಚಿಕೊಂಡು ದಿನಕ್ಕೆ 48,000 ಸೂಜಿ ಮಾಡುವ ಕಥೆ ಅದು. ಆ ಮಾತಿನ ನಡುವೆ, ಕೆಲಸಗಾರರೆಲ್ಲ ಒಂದೇ ಕಡೆ ಸೇರುವ ಜಾಗಕ್ಕೆ ಸ್ಮಿತ್ ಬಳಸುವ ಪದ ವರ್ಕ್‌ಹೌಸ್. ಇಂದು ಓದುವವರು ಅಲ್ಲಿ ಬೆಚ್ಚಿಬೀಳುತ್ತಾರೆ. ಯಾಕೆಂದರೆ ಆ ಹೊತ್ತಿಗಾಗಲೇ ಪದಕ್ಕೆ ಇನ್ನೊಂದು ಅರ್ಥ ಅಂಟಿಕೊಂಡಿತ್ತು. ಗತಿಯಿಲ್ಲದ ಬಡವರನ್ನು ಇರಿಸಿಕೊಂಡು ದುಡಿಸುವ ಜಾಗ. 1834ರ ಬಡವರ ಕಾಯಿದೆ ಬಂದ ಮೇಲೆ ಇಂಗ್ಲೆಂಡಿನಲ್ಲಿ ಆ ಅರ್ಥವೇ ಗಟ್ಟಿಯಾಗಿ ನಿಂತಿತು. ಒಳಗೆ ಹೋದರೆ ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆ ಇಡುತ್ತಿದ್ದರು. ಹೆಸರು ಕೇಳಿದರೆ ಜನ ಹೆದರುವಂತಾಯಿತು. ಆ ಪದ ಮತ್ತೆ ಕೆಲಸದ ಗೌರವಕ್ಕೆ ಮರಳಲಿಲ್ಲ. ಪದ ಬಿಡಿಸಿ ನೋಡಿ: ಕೆಲಸದ ಚಪ್ಪರ ಉಳಿಯಿತು, ಕೆಲಸದ ಮನೆ ಕೆಟ್ಟಿತು. ಇದನ್ನು ಯಾವ ವ್ಯಾಕರಣವೂ ಮೊದಲೇ ಹೇಳಲಾರದು.

ಅದೇ ಕಾಲದಲ್ಲಿ ವರ್ಕ್‌ಶಾಪ್ ಬೆಳೆಯುತ್ತಿತ್ತು. 1838ರಲ್ಲಿ ಬ್ರಿಟನ್ನಿನ ರಾಜಕಾರಣಿ ಡಿಸ್ರೇಲಿ ಅಲ್ಲಿನ ಸಂಸತ್ತಿನಲ್ಲಿ ಮಾತಾಡುತ್ತ ಇಂಗ್ಲೆಂಡನ್ನು ಜಗತ್ತಿನ ವರ್ಕ್‌ಶಾಪ್ ಎಂಬ ಮಾತಿನಿಂದ ಕರೆದರು. ಇಂಗ್ಲೆಂಡ್ ಹಾಗೆಯೇ ಉಳಿಯಲು ಯುರೋಪಿನ ಉಳಿದ ದೇಶಗಳು ಬಿಡುವುದಿಲ್ಲ ಎಂಬುದು ಅವರ ವಾದವಾಗಿತ್ತು. ವಾದ ಮರೆತುಹೋಯಿತು, ಮಾತು ಉಳಿಯಿತು. ಒಬ್ಬ ಮನುಷ್ಯ ಕೂತು ಕೆಲಸ ಮಾಡುವ ಚಪ್ಪರದ ಹೆಸರು ಇಡೀ ದೇಶಕ್ಕೆ ಹೊಂದುವಷ್ಟು ದೊಡ್ಡದಾಯಿತು.

ಆ ದೊಡ್ಡ ಅರ್ಥ ಹೊತ್ತುಕೊಂಡೇ ಪದ ಹುಬ್ಬಳ್ಳಿಗೆ ಬಂತು. ಸದರ್ನ್ ಮರಾಠಾ ರೈಲ್ವೆ ಕಂಪನಿ ಶುರುವಾದದ್ದು 1882ರಲ್ಲಿ. 1885ರಲ್ಲಿ ಹುಬ್ಬಳ್ಳಿ ವರ್ಕ್‌ಶಾಪ್ ಆಯಿತು. ಕಂಪನಿ 1908ರಲ್ಲಿ ಮದ್ರಾಸ್ ರೈಲ್ವೆ ಜೊತೆ ಸೇರಿತು, ಮುಂದೆ ಎಷ್ಟೋ ಹೆಸರು ಬದಲಾದವು, 2003ರಲ್ಲಿ ಹುಬ್ಬಳ್ಳಿಯೇ ನೈಋತ್ಯ ರೈಲ್ವೆಯ ಕೇಂದ್ರವಾಯಿತು. ಜನರ ಬಾಯಲ್ಲಿ ಮಾತ್ರ ವರ್ಕ್‌ಶಾಪ್ ವರ್ಕ್‌ಶಾಪ್ ಆಗಿಯೇ ಉಳಿಯಿತು. ಅದು ನಮಗೆ ಇಂಗ್ಲಿಷ್ ಪದ ಅಂತ ಅನಿಸುವುದೇ ಇಲ್ಲ. ಅದು ಒಂದು ಜಾಗದ ಹೆಸರು, ಭೋಂಗಾ ಕೂಗಿದಾಗ ಸೈಕಲ್ ಹತ್ತಿ ಹೊರಡುತ್ತಿದ್ದ ಅಪ್ಪಂದಿರ ಹೆಸರು.

ಇನ್ನು ನಾನು ಕೂತಿದ್ದ ವರ್ಕ್‌ಶಾಪ್. ಈ ಅರ್ಥಕ್ಕೆ ನೂರು ವರ್ಷ ಕಳೆದಿದೆ ಅಷ್ಟೇ. 1910ರ ದಶಕದಲ್ಲಿ ಹಾರ್ವರ್ಡ್‌ನಲ್ಲಿ ಜಾರ್ಜ್ ಪಿಯರ್ಸ್ ಬೇಕರ್ ಎಂಬ ಪ್ರಾಧ್ಯಾಪಕರು ನಾಟಕ ಬರೆಯುವುದನ್ನು ಕಲಿಸುತ್ತಿದ್ದರು. ಆ ತರಗತಿಯ ಕ್ರಮಸಂಖ್ಯೆ 47. ವಿದ್ಯಾರ್ಥಿಗಳು ಬರೆದದ್ದನ್ನು ಆಡಿಸಿ ನೋಡಲು ಅವರು ಶುರು ಮಾಡಿದ ರಂಗಕ್ಕೆ '47 ವರ್ಕ್‌ಶಾಪ್' ಎಂದು ಹೆಸರಿಟ್ಟರು. 1936ರ ಬೇಸಿಗೆಯಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಕರನ್ನು ಸೇರಿಸಿ, ತಮ್ಮ ತಮ್ಮ ಶಾಲೆಯ ತೊಡಕುಗಳನ್ನು ಅವರೇ ಕೂತು ಬಿಡಿಸುವ ಶಿಬಿರ ನಡೆಯಿತು. ಅದನ್ನೂ ವರ್ಕ್‌ಶಾಪ್ ಎಂದರು. ಅದೇ ವರ್ಷ ಅಮೆರಿಕದ್ದೇ ಆದ ಅಯೋವಾ ವಿಶ್ವವಿದ್ಯಾಲಯದಲ್ಲಿ ಬರಹಗಾರರ ವರ್ಕ್‌ಶಾಪ್ ಆರಂಭವಾಯಿತು. ಅಲ್ಲಿಂದ ಈ ಅರ್ಥ ಎಲ್ಲ ಕಡೆ ಹರಡಿತು.

ಅವರು ಈ ಪದವನ್ನೇ ಯಾಕೆ ಆರಿಸಿಕೊಂಡರು ಅಂತ ಯೋಚಿಸಿ. ಭಾಷಣ ಕೇಳಿ ಎದ್ದುಹೋಗುವುದು ಬೇಡ, ಕೈಗೆ ಮಸಿ ಹತ್ತಬೇಕು ಎಂಬ ಆಸೆ ಆ ಹೆಸರಿನಲ್ಲಿದೆ. ಕುಲುಮೆಯ ಮುಂದೆ ಹುಡುಗ ತಿದಿ ಒತ್ತುತ್ತ ಕಲಿಯುವ ಹಾಗೆ ಕಲಿಯಬೇಕು ಎಂದು. ಆದ್ದರಿಂದ ಇಡೀ ದಿನ ಒಬ್ಬರೇ ಮೈಕಿನ ಮುಂದೆ ನಿಂತು ಮಾತಾಡಿ, ಸಂಜೆ ಸರ್ಟಿಫಿಕೇಟ್ ಹಂಚುವುದನ್ನು ವರ್ಕ್‌ಶಾಪ್ ಎಂದು ಕರೆದಾಗ ನನಗೆ ನಿಜವಾಗಿ ಬೇಸರವಾಗುತ್ತದೆ. ಏನನ್ನೂ ಮಾಡಿಸದಿದ್ದರೆ ಅದಕ್ಕೆ ಉಪನ್ಯಾಸ ಎಂಬ ಒಳ್ಳೆಯ ಹೆಸರೇ ಇದೆ.

ಅರ್ಥ ಹೀಗೆ ಜಾರುವಾಗ ಇನ್ನೂ ಒಂದು ಬದಲಾವಣೆ ಆಯಿತು. ಜಾಗದ ಹೆಸರು ಹೊತ್ತಿನ ಹೆಸರಾಯಿತು. 'ಮೂರು ದಿನದ ವರ್ಕ್‌ಶಾಪ್', 'ವರ್ಕ್‌ಶಾಪ್ ಮುಗೀತು' ಅಂತ ನಾನು ಹೇಳಬಹುದು. ಅಪ್ಪನ ವರ್ಕ್‌ಶಾಪ್ ಮುಗಿಯುವಂಥದ್ದಲ್ಲ. ನಮ್ಮಲ್ಲೂ ಹೀಗೇ ಇದೆ. ಸಾಲಿ ಅಂದರೆ ಕಟ್ಟಡ, ಆದರೆ "ಸಾಲಿ ಬಿಡ್ತು" ಅಂದಾಗ ಕಟ್ಟಡದ ಮಾತಲ್ಲ. ಸಂತೆಯೂ ಹಾಗೆ, ಜಾಗವೂ ಹೌದು, ಅಲ್ಲಿ ನಡೆಯುವುದೂ ಹೌದು.

ಈಗ ನಮ್ಮ ಪದಗಳ ಕಡೆ ಬರೋಣ. ಕಾರ್ಖಾನೆ ಎಂಬುದು ಪಾರಸಿಯಿಂದ ಬಂದದ್ದು. 'ಕಾರ್' ಅಂದರೆ ಕೆಲಸ, 'ಖಾನಾ' ಅಂದರೆ ಮನೆ. ಕಾರ್ಯಾಲಯ ಸಂಸ್ಕೃತದ್ದು: ಕಾರ್ಯ, ಆಲಯ. ಕಾರ್ಯಾಗಾರವೂ ಅಷ್ಟೇ: ಕಾರ್ಯ, ಆಗಾರ. ಮೂರನ್ನೂ ಬಿಡಿಸಿದರೆ ಸಿಗುವುದು ಒಂದೇ, ಕೆಲಸದ ಮನೆ. ಇಂಗ್ಲಿಷಿನ ವರ್ಕ್‌ಹೌಸ್ ಕೂಡ ಅದೇ. ಆದರೆ ಕಾರ್ಖಾನೆಯಲ್ಲಿ ಮಷಿನ್ ಓಡುತ್ತದೆ, ಕಾರ್ಯಾಲಯದಲ್ಲಿ ಫೈಲ್ ಓಡುತ್ತದೆ, ಕಾರ್ಯಾಗಾರದಲ್ಲಿ ಶಿಬಿರ ನಡೆಯುತ್ತದೆ, ವರ್ಕ್‌ಹೌಸ್‌ನಲ್ಲಿ ಬಡವರು ನರಳಿದರು. ಮೂಳೆ ಒಂದೇ, ಜೀವ ನಾಲ್ಕು. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದಾಗ ಕ್ಲಾಸು ಒಂದು ಗಳಿಗೆ ಗಪ್ಪಾಯಿತು.

ಒಬ್ಬ ಹುಡುಗ ತಕ್ಷಣ ಕೇಳಿದ, ಖಾನಾ ಅಂದರೆ ಮನೆ ಆದರೆ ಖಾನಾವಳಿ ಅಂದರೇನು ಅಂತ. ದವಾಖಾನೆ ಔಷಧದ ಮನೆ, ಸರಿ. ಖಾನಾವಳಿಯ ಖಾನಾ ಬೇರೆ. ಅದು ಮರಾಠಿಯ ಖಾಣಾವಳ್, ತಿನ್ನು ಎಂಬ ಕ್ರಿಯೆಯಿಂದ ಬಂದದ್ದು. ಕಿವಿಗೆ ಒಂದೇ ಥರ ಕೇಳಿದರೂ ಸಂಬಂಧವಿಲ್ಲ. ಪದ ಬಿಡಿಸುವವರು ಎಡವುವುದು ಇಂಥಲ್ಲೇ.

ವರ್ಕ್‌ಶಾಪ್‌ಗೆ ಹಳಗನ್ನಡದಲ್ಲಿ ತೀರ ಹತ್ತಿರದ ಜೋಡಿಪದ ಇನ್ನೊಂದಿದೆ. ಅದು ಅಕ್ಕಸಾಲೆ, ಚಿನ್ನಬೆಳ್ಳಿ ಕೆಲಸದ ಜಾಗ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬರುವ ಅಕ್ಷಶಾಲೆ ಇದರ ಮೂಲ ಎನ್ನುತ್ತಾರೆ. ಅಲ್ಲಿ ಕೆಲಸ ಮಾಡುವವನು ಅಕ್ಕಸಾಲಿಗ. ಜಾಗದ ಹೆಸರು ಬಳಕೆಯಿಂದ ಹೋಯಿತು, ಮನುಷ್ಯನ ಹೆಸರು ಉಳಿಯಿತು. ಇದರೊಳಗಿನ ಸಾಲೆಯೇ ನಮ್ಮ ಮಕ್ಕಳು ದಿನಾ ಹೋಗುವ ಸಾಲಿ. ದನಕ್ಕೆ ಗೋಶಾಲೆ, ಅಡುಗೆಗೆ ಪಾಕಶಾಲೆ, ಪಾಠಕ್ಕೆ ಪಾಠಶಾಲೆ. ಕೊಟ್ಟಿಗೆಯ ನೆಂಟನಾದ ಇಂಗ್ಲಿಷಿನ ಶಾಪ್ ನೆನಪಾಗುತ್ತದೆ ಅಲ್ವಾ? ಆ ಎರಡೂ ಒಂದೇ ಬೇರಿನವಲ್ಲ. ಸ್ವಭಾವ ಮಾತ್ರ ಒಂದೇ: ಮೇಲೊಂದು ಮಾಡು ಇದ್ದರೆ ಸಾಕು, ಒಳಗೆ ಏನು ನಡೆಯುತ್ತದೋ ಅದೇ ಹೆಸರು.

ಕೊನೆಗೆ ಕಮ್ಮಟ. ಕಥಾ ಕಮ್ಮಟ, ಕಾವ್ಯ ಕಮ್ಮಟ ಅಂತ ಆಮಂತ್ರಣ ಪತ್ರಿಕೆಗಳಲ್ಲಿ ಓದಿರುತ್ತೀರಿ. ಕಮ್ಮಟ ಅಂದರೆ ನಾಣ್ಯ ಅಚ್ಚು ಹಾಕುವ ಜಾಗ, ಟಂಕಸಾಲೆ. ತಮಿಳು, ಮಲಯಾಳದಲ್ಲೂ ಇದರ ಅಕ್ಕತಂಗಿ ಪದಗಳಿವೆ. ಗದಗ ಹತ್ತಿರದ ಲಕ್ಕುಂಡಿಗೆ ಹೋದವರಿಗೆ ಗುಡಿಗಳು, ಬಾವಿಗಳು ನೆನಪಿರುತ್ತವೆ. ಅದು ಒಂದು ಕಾಲಕ್ಕೆ ಲೊಕ್ಕಿಗುಂಡಿ, ನಾಣ್ಯಕ್ಕೂ ಹೆಸರಾದ ಊರು. ಶಾಸನಗಳಲ್ಲಿ ಬರುವ ಲೊಕ್ಕಿಗದ್ಯಾಣ ಎಂಬ ಹೊನ್ನಿಗೆ ಆ ಊರಿನ ಹೆಸರೇ ಅಂಟಿದೆ. ಲೋಹ ಕರಗಿಸಿ, ತೂಕ ನೋಡಿ, ಅಚ್ಚಿನ ಕೆಳಗಿಟ್ಟು ಒಂದು ಪೆಟ್ಟು ಕೊಟ್ಟರೆ ಚಲಾವಣೆಯ ಹೊನ್ನು. ಹೊಸ ಬರಹಗಾರರು ಕೂತು ತಿದ್ದುವ ಜಾಗಕ್ಕೆ ಈ ಪದ ತಂದವರನ್ನು ನಾನು ಮೆಚ್ಚುತ್ತೇನೆ. ಅವರು ವರ್ಕ್‌ಶಾಪ್ ಅನ್ನು ತುಂಡು ತುಂಡಾಗಿ ಕನ್ನಡಕ್ಕೆ ತರಲಿಲ್ಲ, ನಮ್ಮಲ್ಲೇ ಇದ್ದ ಒಂದು ವರ್ಕ್‌ಶಾಪ್ ಹುಡುಕಿದರು. ಕಾರ್ಯಾಗಾರಕ್ಕಿಂತ ಇದು ನನಗೆ ಹೆಚ್ಚು ಇಷ್ಟ.

ಭಾನುವಾರ ಹುಬ್ಬಳ್ಳಿಗೆ ಹೋದಾಗ ಅಪ್ಪನಿಗೆ ಇದೆಲ್ಲ ಹೇಳಿದೆ. ಚಪ್ಪರ, ಕೊಟ್ಟಿಗೆ, ಹಳೆಯ ಅರ್ಥ ಹೋಗಿ ಅಂಗಡಿ ಆದದ್ದು. ಚಹಾ ಕುಡಿಯುತ್ತ ಕೇಳಿದರು. "ಹೋಗಿಲ್ಲಲ್ಲೋ," ಎಂದರು. "ವರ್ಕ್‌ಶಾಪ್ ಅಂತ ಹೊರಗಿನ ಮಂದಿ ಅಂತಾರ. ಒಳಗ ನಾವು ಬರೇ ಶಾಪ್ ಅಂತಿದ್ವಿ. ಮಷಿನ್ ಶಾಪ್, ವೀಲ್ ಶಾಪ್, ಪೇಂಟ್ ಶಾಪ್. ನಾ ಮೊದಲ ಸ್ಮಿತಿ ಶಾಪ್‌ನ್ಯಾಗ ಇದ್ದೆ, ಆಮ್ಯಾಲೆ ವೀಲ್ ಶಾಪಿಗೆ ಹಾಕಿದ್ರು."

ಅವುಗಳಲ್ಲಿ ಯಾವ ಶಾಪ್‌ನಲ್ಲೂ ಯಾರೂ ಏನನ್ನೂ ಮಾರಿದ್ದಿಲ್ಲ. ನಾಳೆ ಕ್ಲಾಸಿಗೆ ಹೋಗಿ ಹಿಂದಿನ ಬೆಂಚಿನ ಹುಡುಗಿಗೆ ಇದನ್ನೂ ಹೇಳಬೇಕು.